ಮೀನಿನ ತಪ್ಪೇನೂ ಇರಲಿಲ್ಲ: ಉಡುಪಿಯ ಒಬ್ಬ ಬಸ್ ಕಂಡಕ್ಟರ್ ಅವರ ಬಾಯಿವಾಸನೆಯ ಪ್ರಕರಣ

ಆಗಸ್ಟ್ ಎರಡನೇ ವಾರ. ಮಳೆ ಸ್ವಲ್ಪ ಬಿಟ್ಟಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ನನ್ನ ಕ್ಲಿನಿಕ್ಕಿಗೆ ಬಂದರು. ಗಂಡ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಹಲ್ಲುನೋವಿನವರು ಕೆನ್ನೆ ಹಿಡಿದುಕೊಂಡು ಬರುತ್ತಾರೆ. ಇವರು ಕೆನ್ನೆ ಹಿಡಿದಿರಲಿಲ್ಲ. ಮಾತಾಡುವಾಗಲೆಲ್ಲ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಎಂತ ತೊಂದರೆ ಅಂತ ಕೇಳುವ ಮೊದಲೇ ನನಗೆ ಅರ್ಧ ಗೊತ್ತಾಯಿತು.

ವಯಸ್ಸು 44. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ 17 ವರ್ಷದಿಂದ ಕಂಡಕ್ಟರ್. ಬೀಡಿ ಇಲ್ಲ, ಗುಟ್ಕಾ ಇಲ್ಲ, ಮದುವೆ ಮನೆಯಲ್ಲಿ ಕೊಟ್ಟರೆ ಒಂದು ಬೀಡ. ಅಷ್ಟೆ. ಹೆಸರು ಬೇಡ, ಕಂಡಕ್ಟರ್ ಅಂತಲೇ ಬರೆಯುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

"ಟಿಕೆಟ್ ಕೊಡ್ಲಿಕ್ಕೆ ಬಗ್ಗಿದ್ರೆ ಸಾಕು ಡಾಕ್ಟ್ರೇ, ಜನ ಕಿಟಕಿ ಕಡೆ ತಿರುಗ್ತಾರೆ" ಅಂದರು. ಮೊದಮೊದಲು ಹೊರಗೆ ಎಂತದೋ ನೋಡುತ್ತಿದ್ದಾರೆ ಅಂದುಕೊಂಡಿದ್ದರಂತೆ. ಕೊನೆಗೆ ಹೇಳಿದ್ದು ಪಿಯುಸಿ ಓದುವ ಮಗಳು. ಅದೂ ನೇರವಾಗಿ ಅಲ್ಲ. ಅಪ್ಪನ ಚೀಲದಲ್ಲಿ ಒಂದು ಮೌತ್‌ವಾಶ್ ಬಾಟಲಿ ಇಟ್ಟಿದ್ದಳು. ಅಂಗಡಿಯವ ಫ್ರೀ ಕೊಟ್ಟದ್ದು ಅಂತ ಅವರು ನಂಬಿದ್ದರು. ಒಂದು ವಾರ ಕಳೆದ ಮೇಲೆ ಅರ್ಥವಾಯಿತು.

ಅಲ್ಲಿಂದ ಶುರುವಾಯಿತು ಅವರದೇ ಚಿಕಿತ್ಸೆ. ಮೊದಲು ಸಿಕ್ಕಿಬಿದ್ದದ್ದು ಮೀನು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಹೇಗೂ ನಿಷೇಧ. ಹೇಗೂ ಮೀನು ಕಮ್ಮಿ, ಇದೇ ಒಳ್ಳೆ ಸಮಯ ಅಂತ ಪೂರ್ತಿ ಬಿಟ್ಟರು. ಹೆಂಡತಿ ಒಣಮೀನು ಚಟ್ನಿ ಮಾಡಿದರೆ ತಟ್ಟೆ ಸರಿಸಿ ಏಳುತ್ತಿದ್ದರು. ಆಗಸ್ಟಿನಲ್ಲಿ ಮಲ್ಪೆಯಿಂದ ಬೋಟುಗಳು ಮತ್ತೆ ಹೊರಟವು, ಮನೆಗೆ ಬಂಗುಡೆ ಬಂತು, ಇವರು ಮಾತ್ರ ಗಂಜಿ-ಉಪ್ಪಿನಕಾಯಿ. ಎರಡೂವರೆ ತಿಂಗಳು! ಉಡುಪಿಯಲ್ಲಿ ಹುಟ್ಟಿದವನಿಗೆ ಇದು ಸಣ್ಣ ಶಿಕ್ಷೆ ಅಲ್ಲ.

ಆಮೇಲೆ ಗ್ಯಾಸ್ಟ್ರಿಕ್ ಅಂತ ಮೆಡಿಕಲ್‌ನಿಂದ ಮಾತ್ರೆ ತಂದರು. ಜೇಬಿನಲ್ಲಿ ಏಲಕ್ಕಿ, ಲವಂಗ, ಪೆಪ್ಪರ್‌ಮಿಂಟ್. ದಿನಕ್ಕೆ ಮೂರು ಸಲ ಗಟ್ಟಿ ಬ್ರಷ್‌ನಿಂದ ತಿಕ್ಕಿದರು. ಮೌತ್‌ವಾಶ್ ತಿಂಗಳಿಗೆ ಎರಡು ಬಾಟಲಿ. ವಾಸನೆ ಹೋಗಲಿಲ್ಲ. ಅರ್ಧ ಗಂಟೆ ಪುದೀನ ವಾಸನೆ, ಆಮೇಲೆ ಮತ್ತೆ ಅದೇ.

ಆ ದಿನ ನಾನು ಪರೀಕ್ಷೆ ಮಾಡಲಿಲ್ಲ. ಬಾಯಲ್ಲಿ ಲವಂಗ ಇಟ್ಟುಕೊಂಡು ಬಂದವರ ಉಸಿರು ಮೂಸಿ ಎಂತ ತಿಳಿಯುತ್ತದೆ? ಅವರ ರಜೆ ಬುಧವಾರ. ಅವತ್ತು ಬೆಳಿಗ್ಗೆ ಏನೂ ತಿನ್ನದೆ, ಹಲ್ಲುಜ್ಜದೆ ಬನ್ನಿ ಅಂದೆ. ಅದಕ್ಕೆ ಎರಡು ದಿನ ಮುಂಚಿನಿಂದ ಬೆಳ್ಳುಳ್ಳಿ, ಹಸಿ ಈರುಳ್ಳಿ ಬೇಡ. ಹಲ್ಲುಜ್ಜದೆ ಡಾಕ್ಟರ ಹತ್ತಿರ ಹೋಗುವುದೆಂದರೆ ನಾಚಿಕೆ ಅಲ್ವಾ ಅಂತ ಹೆಂಡತಿ ಗೊಣಗಿದರು.

ಬುಧವಾರದ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಾಗಲಿಲ್ಲ. ಬಾಯಿವಾಸನೆ ಅಳೆಯುವ ಉಪಕರಣಗಳು ಇವೆ, ಆದರೆ ಇವತ್ತಿಗೂ ನಾವು ಹೆಚ್ಚು ನಂಬುವುದು ಮೂಗನ್ನೇ. ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತೇವೆ. ಸೊನ್ನೆ ಅಂದರೆ ವಾಸನೆಯೇ ಇಲ್ಲ, ಐದು ಅಂದರೆ ತಡೆಯಲಾಗದ್ದು. ಮೊದಲು ಮೂಗು ಮುಚ್ಚಿ ಬಾಯಿಂದ ಉಸಿರು ಬಿಡಿಸಿದೆ. ನಾಲ್ಕು. ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಬಿಡಿಸಿದೆ. ಏನೂ ಇಲ್ಲ. ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು. ಸೈನಸ್‌ನದ್ದಾದರೆ ಮೂಗಿನ ಉಸಿರಿನಲ್ಲಿ ವಾಸನೆ ಇರುತ್ತದೆ. ಶ್ವಾಸಕೋಶದಿಂದ, ರಕ್ತದಿಂದ ಬರುವುದಾದರೆ ಮೂಗು, ಬಾಯಿ ಎರಡರಲ್ಲೂ ಬರುತ್ತದೆ. ಬೆಳ್ಳುಳ್ಳಿ ಹಾಗೆಯೇ. ಅದರ ಗಂಧಕದ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಗೆ ಬರುವುದರಿಂದ ಎಷ್ಟು ಹಲ್ಲುಜ್ಜಿದರೂ ಹೋಗುವುದಿಲ್ಲ. ಕಂಡಕ್ಟರ್ ಅವರದ್ದು ಬಾಯಿಯಲ್ಲೇ ಹುಟ್ಟುವ ವಾಸನೆ. ಬಾಯಿವಾಸನೆ ಅಂತ ಬರುವವರಲ್ಲಿ ಹೆಚ್ಚಿನವರದ್ದು ಹೀಗೆಯೇ, ಹತ್ತರಲ್ಲಿ ಎಂಟು ಒಂಬತ್ತು ಜನರದ್ದು. ಹೊಟ್ಟೆಗೂ ಬಾಯಿಗೂ ನಡುವೆ ಅನ್ನನಾಳ ಸುಮ್ಮನಿರುವಾಗ ಮುಚ್ಚಿಯೇ ಇರುತ್ತದೆ. ಹುಳಿತೇಗು ಜೋರಾಗಿ ಇರುವವರ ವಿಷಯ ಬೇರೆ. ಇವರಿಗೆ ಅದು ಇರಲಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಸುಮ್ನೆ ತಿಂದದ್ದು.

ಈಗ ಬಾಯಿ ನೋಡಿದೆ. ಮುಂದಿನ ಹಲ್ಲುಗಳು ಹೊಳೆಯುತ್ತಿದ್ದವು. ಮೂರು ಹೊತ್ತು ತಿಕ್ಕಿದ್ದಲ್ವಾ. ಎಷ್ಟು ತಿಕ್ಕಿದ್ದರೆಂದರೆ ವಸಡಿನ ಬುಡದಲ್ಲಿ ಹಲ್ಲು ಸವೆದು ಗೆರೆ ಬಿದ್ದಿತ್ತು, ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು. ಬ್ರಷ್ ಹೋಗದ ಜಾಗದ ಕತೆ ಬೇರೆ. ಕೆಳಗಿನ ಮುಂಬದಿ ಹಲ್ಲುಗಳ ಹಿಂದೆ ಕಲ್ಲಿನಂತೆ ಕಿಟ್ಟ ಕೂತಿತ್ತು. ದವಡೆ ಹಲ್ಲುಗಳ ಸಂದಿಯಲ್ಲಿ ಸಣ್ಣ ಕಡ್ಡಿಯಿಂದ ಮುಟ್ಟಿದರೆ ರಕ್ತ. ಹಲ್ಲು ಮತ್ತು ವಸಡಿನ ನಡುವಿನ ಸಂದು ಆರೋಗ್ಯವಂತರಲ್ಲಿ 1ರಿಂದ 3 ಮಿಲಿಮೀಟರ್ ಆಳ ಇರುತ್ತದೆ. ಇವರಿಗೆ ಎರಡೂ ಬದಿಯ ಕೆಳ ದವಡೆ ಹಲ್ಲುಗಳಲ್ಲಿ 5, ಒಂದು ಕಡೆ 6. ನಾಲಿಗೆಯ ಮುಂದಿನ ಭಾಗ ಗುಲಾಬಿ, ಹಿಂದಿನ ಮೂರನೇ ಒಂದು ಭಾಗ ಮಾತ್ರ ಹಳದಿ ಬೂದು, ಹಳೆ ಬಚ್ಚಲಿನ ಪಾಚಿಯ ಹಾಗೆ. ಪ್ಲಾಸ್ಟಿಕ್ ಚಮಚದಿಂದ ಅಲ್ಲಿ ಸ್ವಲ್ಪ ಕೆರೆದು ಮೂಸಿದರೆ ಬಾಯಿಂದ ಬಂದ ವಾಸನೆಯೇ.

ಎಡಗಡೆ ಕೆಳಗೆ ಎರಡು ದವಡೆ ಹಲ್ಲುಗಳ ನಡುವೆ ಹಿಂದೆ ಯಾವಾಗಲೋ ಹಲ್ಲಿಗೆ ತುಂಬಿಸಿದ ಹಳೆಯ ಸಿಮೆಂಟ್ ಒಂದಿತ್ತು. ಅದರ ಅಂಚು ಹೊರಗೆ ಚಾಚಿ, ಪಕ್ಕದ ಹಲ್ಲಿನ ಜೊತೆ ಸರಿಯಾಗಿ ಕೂಡದೆ ಒಂದು ಗೂಡು ಆಗಿತ್ತು. ಅಲ್ಲಿ ಫ್ಲಾಸ್ ನೂಲು ಇಳಿಸಿದೆ. ಹೊರಗೆ ಬಂದದ್ದನ್ನು ಅವರ ಮೂಗಿನ ಹತ್ತಿರ ಹಿಡಿದೆ. ಇದು ಸ್ವಲ್ಪ ಕ್ರೂರ, ಗೊತ್ತು. ಆದರೆ ನಮ್ಮ ಬಾಯಿಯ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಹೊರಗೆ ತೆಗೆದು ತೋರಿಸದೆ ಯಾರಿಗೂ ನಂಬಿಕೆ ಬರುವುದಿಲ್ಲ.

ಅವರು ತಲೆ ಹಿಂದಕ್ಕೆ ಎಳೆದುಕೊಂಡರು. "ಇದು ನಂದಾ?"

"ನಿಮ್ಮದೇ."

"ಮೀನು ಬಿಟ್ಟು ಎರಡೂವರೆ ತಿಂಗಳಾಯ್ತಲ್ಲ ಮಾರಾಯ್ರೇ!"

ಅಲ್ಲಿಗೆ ಮೀನಿನ ವಿಚಾರಣೆ ಮಾಡಲೇಬೇಕಾಯಿತು. ನಾಲಿಗೆಯ ಹಿಂಭಾಗ, ವಸಡಿನ ಸಂದು, ಹಲ್ಲಿನ ನಡುವಿನ ಗೂಡು, ಇಲ್ಲೆಲ್ಲ ಗಾಳಿ ತಾಗುವುದು ಕಮ್ಮಿ. ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅದೇ ಸುಖ. ಅವು ಪ್ರೊಟೀನನ್ನು ಒಡೆದು ತಿನ್ನುತ್ತವೆ. ಒಡೆಯುವಾಗ ಗಂಧಕದ ಅನಿಲಗಳು ಹುಟ್ಟುತ್ತವೆ. ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆ. ಇನ್ನೊಂದು ಮೀಥೈಲ್ ಮರ್ಕ್ಯಾಪ್ಟನ್, ಅದು ಕೊಳೆತ ಎಲೆಕೋಸಿನದ್ದು. ಪ್ರೊಟೀನ್ ಮೀನಿನದ್ದೇ ಆಗಬೇಕಂತ ಇಲ್ಲ. ತೊಗರಿಬೇಳೆ, ಹಾಲು, ಮಜ್ಜಿಗೆ ಎಲ್ಲವೂ ಸಾಕು. ಏನೂ ತಿನ್ನದಿದ್ದರೂ ಬಾಯಿಯ ಒಳಚರ್ಮದಿಂದ ಉದುರುವ ಕೋಶಗಳು, ಜೊಲ್ಲಿನ ಪ್ರೊಟೀನ್, ವಸಡಿನಿಂದ ಬರುವ ರಕ್ತ ಅಲ್ಲೇ ಇರುತ್ತವೆ. ಉಪವಾಸ ಮಾಡಿದವರ ಬಾಯಿ ನಾರುವುದು ಇನ್ನೆಂತಕ್ಕೆ? ತಿಂದ ಮೀನು ಬಾಯಲ್ಲಿ ಉಳಿಯದೆ ಹೊಟ್ಟೆಗೆ ಹೋದರೆ ಅದರಿಂದ ತೊಂದರೆ ಇಲ್ಲ. ಹೆಂಡತಿ ಇದನ್ನು ಕೇಳಿ "ನಾನು ಹೇಳಿದ್ದೇ ಅಲ್ವಾ" ಅಂತ ಗಂಡನ ಕಡೆ ನೋಡಿದರು. ಮನೆಯಲ್ಲಿ ಈ ಚರ್ಚೆ ಬಹಳ ಸಲ ಆಗಿತ್ತು ಅಂತ ಕಾಣುತ್ತದೆ.

ಆದರೂ ನನಗೆ ಒಂದು ಪ್ರಶ್ನೆ ಉಳಿದಿತ್ತು. ಇಂಥ ವಸಡು ಊರಲ್ಲಿ ಎಷ್ಟೋ ಜನರಿಗೆ ಇದೆ, ಎಲ್ಲರ ಉಸಿರೂ ನಾಲ್ಕು ಅಂಕದ್ದಲ್ಲ. ಇವರಿಗೆ ಇಷ್ಟು ಯಾಕೆ? ದಿನಚರಿ ಹೇಳಿ ಅಂದೆ. ಅವರು ಹೇಳುತ್ತಾ ಹೋದ ಹಾಗೆ ಉತ್ತರ ತಾನಾಗಿ ಬಂತು.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾರೆ. ದಿನಕ್ಕೆ ಮೂರು ಸಲ ಹೋಗಿ ಬರುವ ಟ್ರಿಪ್ಪು. ಒಂದು ದಾರಿಗೆ ಒಂದೂವರೆ ಗಂಟೆ ಹತ್ತಿರ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಅಂತ ಇಡೀ ದಾರಿ ಬಾಗಿಲಲ್ಲಿ ನಿಂತು ಕೂಗಬೇಕು, ಗಾಳಿ ನೇರ ಬಾಯಿಗೆ. ನೀರು? "ನೀರು ಕುಡಿದ್ರೆ ಎಲ್ಲಿಗೆ ಹೋಗುದು ಡಾಕ್ಟ್ರೇ? ಟೈಮಿಂಗ್ ತಪ್ತದೆ." ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಲೋಟ ನೀರು ಹೋದರೆ ಹೆಚ್ಚು. ಬದಲಿಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಒಂದು, ಉಡುಪಿಯಲ್ಲಿ ಒಂದು, ಹೀಗೆ ಆರೇಳು ಚಹಾ. ಧೂಳಿಗೆ ಮೂಗು ಕಟ್ಟುತ್ತದೆ ಅಂತ ರಾತ್ರಿ ಒಂದು ಅಲರ್ಜಿ ಮಾತ್ರೆ. ಬಾಯಿ ತೆರೆದು ಮಲಗುತ್ತಾರೆ, ಗೊರಕೆ ಉಂಟು ಅಂತ ಹೆಂಡತಿಯ ಸಾಕ್ಷಿ. ಮೂರು ಸಲ ಹಲ್ಲುಜ್ಜುವುದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮನೆಗೆ ಬಂದ ಕೂಡಲೆ. ಒಂಬತ್ತಕ್ಕೆ ಊಟ, ಊಟ ಮಾಡಿ ನೇರ ನಿದ್ದೆ.

ನಮ್ಮ ಬಾಯಿ ತೊಳೆಯುವುದು ಬ್ರಷ್‌ಗಿಂತ ಹೆಚ್ಚಾಗಿ ಜೊಲ್ಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಹುಟ್ಟುತ್ತದೆ. ನಿದ್ದೆಯಲ್ಲಿ ಅದು ಹೆಚ್ಚುಕಮ್ಮಿ ನಿಂತೇಬಿಡುತ್ತದೆ, ಬೆಳಿಗ್ಗೆ ಎಲ್ಲರ ಬಾಯಿ ನಾರುವುದು ಅದಕ್ಕೇ. ಕಂಡಕ್ಟರ್ ಅವರಿಗೆ ಹಗಲೂ ರಾತ್ರಿಯ ಹಾಗೆಯೇ ಆಗಿತ್ತು. ಕೂಗಿ ಒಣಗಿತು, ನೀರಿಲ್ಲದೆ ಒಣಗಿತು, ಅಲರ್ಜಿ ಮಾತ್ರೆಯಿಂದ ಇನ್ನಷ್ಟು ಒಣಗಿತು. ಅಂಥ ಮಾತ್ರೆಗಳಲ್ಲಿ ಹಲವು ಬಾಯಿ ಒಣಗಿಸುತ್ತವೆ. ಮಗಳು ಕೊಟ್ಟ ಮೌತ್‌ವಾಶ್‌ನ ಲೇಬಲ್ ನೋಡಿದೆ, ಅದರಲ್ಲಿ ಆಲ್ಕೋಹಾಲ್ ಇತ್ತು. ಅದೂ ಒಣಗಿಸುವ ಪೈಕಿಯೇ. ಪಾಪ, ಅವಳು ಒಳ್ಳೆಯದಕ್ಕೇ ಇಟ್ಟದ್ದು.

ಚಿಕಿತ್ಸೆ ಎರಡು ಸಿಟ್ಟಿಂಗ್‌ನಲ್ಲಿ ಮುಗಿಯಿತು. ಕಿಟ್ಟ ತೆಗೆದೆ, ವಸಡಿನ ಒಳಗೆ ಬೇರಿನ ಮೇಲಿದ್ದದ್ದನ್ನೂ ತೆಗೆದೆ. ಹಳೆ ಸಿಮೆಂಟ್ ಕಿತ್ತು ಹೊಸದು ಹಾಕಿದೆ. ಕ್ಲೀನಿಂಗ್ ಮಾಡಿದರೆ ಹಲ್ಲು ಸಡಿಲ ಆಗುತ್ತದೆ ಅಂತ ಅವರಿಗೂ ಹೆದರಿಕೆ ಇತ್ತು. ಈ ಮಾತು ನಮ್ಮ ಊರಲ್ಲಿ ಎಷ್ಟು ಗಟ್ಟಿ ಅಂದರೆ, ಮಣಿಪಾಲದಲ್ಲಿ 1965ರಿಂದ ಡೆಂಟಲ್ ಕಾಲೇಜು ಇದ್ದರೂ ಹೋಗಿಲ್ಲ. ಸಡಿಲ ಮಾಡುವುದು ಕಿಟ್ಟದ ಕೆಳಗೆ ನಡೆಯುವ ವಸಡಿನ ರೋಗ. ಕಿಟ್ಟ ತೆಗೆದಾಗ ಅದು ಮುಚ್ಚಿದ್ದ ಸಂದು ಕಾಣುತ್ತದೆ, ಅಷ್ಟೆ. ಎರಡು ವಾರಕ್ಕೆ ಮಾತ್ರ ಬಾಯಿ ಮುಕ್ಕಳಿಸಿ ಉಗಿಯಲಿಕ್ಕೆ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಬರೆದೆ, 10 ಮಿಲಿ, ದಿನಕ್ಕೆರಡು ಸಲ. ಅದು ಒಳ್ಳೆಯ ಔಷಧ, ಆದರೆ ಜಾಸ್ತಿ ದಿನ ಬಳಸಿದರೆ ಹಲ್ಲು ಕಂದುತ್ತದೆ, ನಾಲಿಗೆಗೆ ರುಚಿ ಕೆಡುತ್ತದೆ. ವಸಡಿನ ರೋಗ ಮತ್ತು ಸಕ್ಕರೆ ಕಾಯಿಲೆ ಒಂದನ್ನೊಂದು ಹೆಚ್ಚಿಸುತ್ತವೆ. ಹಾಗಾಗಿ ರಕ್ತ ಪರೀಕ್ಷೆಗೂ ಕಳಿಸಿದೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 6.1 ಬಂತು. ಕಾಯಿಲೆ ಅಲ್ಲ, ಅಂಚಿನಲ್ಲಿದೆ. ಅವರ ಫ್ಯಾಮಿಲಿ ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ. ಮೂಗಿಗೆ ಇಎನ್‌ಟಿಯವರು ಮಾತ್ರೆಯ ಬದಲು ಸ್ಪ್ರೇ ಕೊಟ್ಟರು.

ಇಲ್ಲಿಯವರೆಗೆ ಸರಿ. ಮುಂದಿನದ್ದು ನನ್ನ ತಪ್ಪು.

ಮನೆಯಲ್ಲಿ ಮಾಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಎಂಟು ಅಂಶ. ಎರಡು ಹೊತ್ತು ಹಲ್ಲುಜ್ಜುವುದು, ಫ್ಲಾಸ್, ನಾಲಿಗೆ, ಊಟದ ನಂತರ ಮುಕ್ಕಳಿಸುವುದು, ಎರಡೂವರೆ ಲೀಟರ್ ನೀರು, ಚಹಾ ಕಡಿಮೆ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಇನ್ನೆಂತದೋ ಒಂದು. ಪುಸ್ತಕದಲ್ಲಿರುವುದೆಲ್ಲ ಸರಿಯೇ. ಹತ್ತು ದಿನ ಬಿಟ್ಟು ಬಂದರು. ರಕ್ತ ಕಮ್ಮಿಯಾಗಿತ್ತು, ಅದು ಕ್ಲೀನಿಂಗ್‌ನ ಪುಣ್ಯ. ಉಸಿರು ಮಾತ್ರ ಇನ್ನೂ ಮೂರು. ನಾಲಿಗೆಯ ಹಿಂದೆ ಪದರ ಹಾಗೆಯೇ. ಚೀಟಿ ಎಲ್ಲಿ ಅಂದೆ. ನಕ್ಕರು.

"ನೀವು ಹೇಳಿದ್ದೆಲ್ಲ ಮಾಡ್ಲಿಕ್ಕೆ ನಾನು ರಜೆ ಹಾಕ್ಬೇಕಷ್ಟೆ."

ಸರಿಯಾದ ಮಾತು. ಅವರ ಬಸ್ಸಿನ ಟೈಮಿಂಗ್ ಕೇಳಿಕೊಂಡು, ಎದುರೇ ಕೂತು, ಚೀಟಿಯನ್ನು ಹೊಸತಾಗಿ ಬರೆದೆವು. ಎಂಟು ಹೋಗಿ ಮೂರಾಯಿತು.

ಒಂದನೆಯದು ರಾತ್ರಿ. ಸಂಜೆಯ ಹಲ್ಲುಜ್ಜುವಿಕೆಯನ್ನು ಊಟದ ನಂತರಕ್ಕೆ ತಳ್ಳಿದೆವು. ಮಧ್ಯಾಹ್ನದ್ದು ಬೇಡವೇ ಬೇಡ. ನನ್ನನ್ನು ಕೇಳಿದರೆ, ಯಾವುದಾದರೂ ಒಂದೇ ಹೊತ್ತು ಹಲ್ಲುಜ್ಜುತ್ತೇನೆ ಅನ್ನುವ ಹಠಮಾರಿ ರಾತ್ರಿಯೇ ಉಜ್ಜಲಿ. ಜೊಲ್ಲು ನಿಲ್ಲುವ ಆರೇಳು ಗಂಟೆ ಬಾಯಲ್ಲಿ ಊಟ ಇಟ್ಟುಕೊಂಡು ಮಲಗುವುದು ಬ್ಯಾಕ್ಟೀರಿಯಾಗಳಿಗೆ ಮಾಡಿದ ಮದುವೆ ಊಟ. ನಮ್ಮಲ್ಲಿ ಎಲ್ಲರೂ ಬೆಳಿಗ್ಗೆಗೇ ಮರ್ಯಾದೆ ಕೊಡುವುದು, ಮುಖ ತೊಳೆಯುವ ಜೊತೆಗೆ ಹಲ್ಲೂ ಅಂತ. ಗಟ್ಟಿ ಬ್ರಷ್ ಬಿಸಾಡಿಸಿ ಮೆತ್ತಗಿನದು ಕೊಡಿಸಿದೆ. ಅದನ್ನು ವಸಡಿನ ಅಂಚಿಗೆ ಓರೆಯಾಗಿ, 45 ಡಿಗ್ರಿಯಷ್ಟು ಹಿಡಿದು, ಇದ್ದಲ್ಲೇ ಸಣ್ಣಗೆ ಅಲ್ಲಾಡಿಸಬೇಕು. ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ಅಲ್ಲ. ಎರಡು ನಿಮಿಷ. ಪೇಸ್ಟ್ ಬಟಾಣಿಯಷ್ಟು, 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಹತ್ತಿರ ಫ್ಲೋರೈಡ್ ಇರುವಂಥದ್ದು. ಆಮೇಲೆ ಉಗಿದರೆ ಸಾಕು, ನಾಲ್ಕು ಚೊಂಬು ನೀರಲ್ಲಿ ಮುಕ್ಕಳಿಸಿ ಫ್ಲೋರೈಡನ್ನೂ ತೊಳೆದುಬಿಡುವುದಲ್ಲ. ಫ್ಲಾಸ್ ಅವರ ದಪ್ಪ ಬೆರಳಿಗೆ ಒಗ್ಗಲಿಲ್ಲ. ಅವರ ಸಂದಿಗಳು ಹೇಗೂ ಅಗಲ. ಹಾಗಾಗಿ ಸಂದಿಗೆ ಹಾಕುವ ಸಣ್ಣ ಬ್ರಷ್ ಕೊಟ್ಟೆ. ಹೆಂಡತಿ ಅದನ್ನು ಬಚ್ಚಲಲ್ಲಿ ಇಡದೆ ಟಿವಿ ರಿಮೋಟಿನ ಪಕ್ಕ ಇಟ್ಟರು. ಇಡೀ ಪ್ರಕರಣದಲ್ಲಿ ಅತಿ ಬುದ್ಧಿವಂತಿಕೆಯ ಕೆಲಸ ಅದು ಅಂತ ನನ್ನ ಅಭಿಪ್ರಾಯ.

ಎರಡನೆಯದು ನಾಲಿಗೆ, ಬೆಳಿಗ್ಗೆ. ಇದು ನಮಗೇನೂ ಹೊಸತಲ್ಲ. ಮಾವಿನೆಲೆಯಲ್ಲಿ ಹಲ್ಲುಜ್ಜಿ, ತೆಂಗಿನ ಗರಿಯ ಕಡ್ಡಿ ಸೀಳಿ ನಾಲಿಗೆ ಕೀಸಿದ ಅಜ್ಜಂದಿರ ಊರು ಇದು. ಕಂಡಕ್ಟರ್ ಅವರೂ ಕೀಸುತ್ತಿದ್ದರು, ಮುಂದಿನ ಅರ್ಧ ಮಾತ್ರ. ಹಿಂದೆ ಹೋದರೆ ಓಕರಿಕೆ. ಬೆಳಗಾದರೆ ಅಂಗಳದಲ್ಲಿ 'ಆ್ಯಕ್ ಆ್ಯಕ್' ಅಂತ ಅಕ್ಕಪಕ್ಕದ ನಾಲ್ಕು ಮನೆ ಎಬ್ಬಿಸುವವರು ನಮ್ಮಲ್ಲಿ ಕಮ್ಮಿ ಇಲ್ಲ. ಅಷ್ಟು ಶಬ್ದ ಬರುತ್ತದೆ ಅಂದರೆ ಒತ್ತಡ ಜಾಸ್ತಿ ಆಯಿತು ಅಂತ ಅರ್ಥ. ನಾಲಿಗೆ ಪೂರ್ತಿ ಹೊರಗೆ ಚಾಚಿ, ಉಸಿರು ಹೊರಗೆ ಬಿಡುತ್ತಾ, ಸ್ಟೀಲ್ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ನಾಲ್ಕೈದು ಸಲ ಎಳೆದರೆ ಸಾಕು. ರಕ್ತ ಬರುವಷ್ಟು ಬೇಡ. ದಿನಕ್ಕೆ ಸ್ವಲ್ಪ ಸ್ವಲ್ಪ ಹಿಂದೆ ಹೋದರೆ ಒಂದು ವಾರದಲ್ಲಿ ಓಕರಿಕೆ ತಗ್ಗುತ್ತದೆ. ಇವರಿಗೆ ಒಂಬತ್ತು ದಿನ ಬೇಕಾಯಿತು.

ಮೂರನೆಯದು ನೀರು. ಎರಡೂವರೆ ಲೀಟರ್ ಅಂತ ನಾನು ಬರೆದದ್ದನ್ನು ನಾನೇ ಹೊಡೆದು ಹಾಕಿದೆ. ಬದಲಿಗೆ ಪ್ರತಿ ಟ್ರಿಪ್ ಮುಗಿದಾಗ, ಚಹಾಕ್ಕಿಂತ ಮೊದಲು, ಅರ್ಧ ಲೋಟ. ಒಂದು ಬಾಯಿ ಮುಕ್ಕಳಿಸಿ ಉಗಿಯುವುದು, ಉಳಿದದ್ದು ಕುಡಿಯುವುದು. ಎರಡೂ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಶೌಚಾಲಯ ಉಂಟು, ಹಾಗಾಗಿ ಟೈಮಿಂಗ್ ಹೆದರಿಕೆ ಇಲ್ಲ. ದಾರಿಯಲ್ಲಿ ಗಂಟಲು ಒಣಗಿದರೆ ಒಂದು ಗುಟುಕು. ಪೆಪ್ಪರ್‌ಮಿಂಟ್ ಬಿಡಿಸಿದೆ, ಅದರ ಸಕ್ಕರೆ ಹುಳುಕಿಗೆ ದಾರಿ. ಏಲಕ್ಕಿ ಇರಲಿ ಬಿಡಿ ಅಂದೆ. ಜಗಿದರೆ ಜೊಲ್ಲು ಬರುತ್ತದೆ, ಅಷ್ಟಾದರೂ ಲಾಭ.

ಸೆಪ್ಟೆಂಬರ್ ಕೊನೆಗೆ, ಆರು ವಾರದ ಮೇಲೆ, ಅದೇ ಬುಧವಾರದ ಪರೀಕ್ಷೆ. ಬಾಯಿಯ ಉಸಿರು ಒಂದು. ನಾಲಿಗೆ ಹಿಂದಿನವರೆಗೂ ಗುಲಾಬಿ. ವಸಡಿನ ಸಂದುಗಳು ಹೆಚ್ಚಿನವು 4ರೊಳಗೆ ಬಂದಿದ್ದವು. ಮೊದಲು ಸುಧಾರಿಸಿದ್ದು ಎಂತದರಿಂದ ಅಂತ ಕೇಳಿದೆ. ನೀರಿನಿಂದ, ನಾಲ್ಕೇ ದಿನದಲ್ಲಿ ಗೊತ್ತಾಯಿತು ಅಂದರು. ಮೀನು ತಿನ್ನುವುದನ್ನು ಮಾತ್ರ, ಹಲ್ಲು ಕ್ಲೀನಿಂಗ್ ಮಾಡಿದ ದಿನ ರಾತ್ರಿಯೇ ಶುರು ಮಾಡಿದ್ದರಂತೆ, ನನ್ನನ್ನು ಕೇಳದೆ.

ಅಕ್ಟೋಬರಿನಲ್ಲಿ ಸ್ವಲ್ಪ ಜಾರಿತು. ದಸರಾ ರಶ್, ಮಂಗಳೂರಿನ ಕುದ್ರೋಳಿ ದೇವಸ್ಥಾನಕ್ಕೆ ಹೋಗುವ ಜನ, ಹೆಚ್ಚುವರಿ ಟ್ರಿಪ್ಪು, ರಾತ್ರಿ ಹನ್ನೊಂದಕ್ಕೆ ಮನೆ. ಹತ್ತು ಹನ್ನೆರಡು ದಿನ ಊಟ ಮಾಡಿ ಹಾಗೇ ಬಿದ್ದುಕೊಂಡರು. ನವೆಂಬರಿನಲ್ಲಿ ನೋಡಿದಾಗ ಉಸಿರು ಎರಡಕ್ಕೆ ಏರಿತ್ತು, ನಾಲಿಗೆಯ ಮೇಲೆ ತೆಳು ಪದರ. ನಾನು ಬೈಯಲಿಲ್ಲ. ಹಬ್ಬದ ಸಮಯದಲ್ಲಿ ನನ್ನ ಮನೆಯಲ್ಲೂ ಎಲ್ಲ ನಿಯಮ ನಡೆಯುವುದಿಲ್ಲ. ತಡವಾದ ರಾತ್ರಿ ಸಂದಿ ಬ್ರಷ್ ಬಿಟ್ಟರೂ ಪರವಾಗಿಲ್ಲ, ಹಲ್ಲು ಮಾತ್ರ ಬಿಡಬೇಡಿ ಅಂತ ಹೇಳಿದೆ. ಬ್ರಷ್‌ನ ಎಳೆಗಳು ಹರಡಿದ್ದವು, ಮೂರು ತಿಂಗಳಾಗಿತ್ತು. ಹೊಸದು ತರಿಸಿದೆ.

ಬಲಗಡೆ ಕೊನೆಯ ದವಡೆ ಹಲ್ಲಿನ ಹಿಂಭಾಗದಲ್ಲಿ ಮಾತ್ರ ಸಂದು ಇನ್ನೂ 5ರಲ್ಲೇ ನಿಂತಿದೆ. ಅಲ್ಲಿಗೆ ಅವರ ಯಾವ ಬ್ರಷ್ಷೂ ಸರಿಯಾಗಿ ಮುಟ್ಟುತ್ತಿಲ್ಲ. ಇನ್ನೊಮ್ಮೆ ಒಳಗೆ ಕ್ಲೀನ್ ಮಾಡಿದ್ದೇನೆ. ಫೆಬ್ರವರಿಯಲ್ಲಿ ಅಳೆದು ನೋಡುವುದು, ಇಳಿಯದಿದ್ದರೆ ವಸಡಿನ ತಜ್ಞರ ಹತ್ತಿರ ಕಳಿಸುವುದು. ತಾರೀಕು ಕೇಳಿದಾಗ ಕಂಡಕ್ಟರ್ ಕ್ಯಾಲೆಂಡರ್ ಹತ್ತಿರ ಹೋಗಿ, ಬುಧವಾರ ಯಾವುದು ಅಂತ ನೋಡಿ, ನನ್ನ ಮುಖಕ್ಕೆ ನೇರ ತಿರುಗಿ ಹೇಳಿದರು. ಕರ್ಚೀಫು ಜೇಬಲ್ಲೇ ಇತ್ತು.